ಒಂದೇ ಡಾಲರು, ಎರಡು ಸಲ ಮಾರಾಟ: ಬ್ಯಾಡಗಿಯ ಒಂದು ಕುಟುಂಬ ಕಂಪನಿಯ ಪ್ರಕರಣ

2018ರ ಅಕ್ಟೋಬರ್ ಮಧ್ಯದಲ್ಲಿ ಬ್ಯಾಡಗಿ ಸಮೀಪದ ಮೆಣಸಿನಕಾಯಿ ರಫ್ತು ಕಂಪನಿಯೊಂದರ ಖಾತೆಯಿಂದ ಹುಬ್ಬಳ್ಳಿಯ ಬ್ಯಾಂಕು ₹1 ಕೋಟಿ 12 ಲಕ್ಷ ಮುರಿದುಕೊಂಡಿತು. ಮುಂಗಡವಾಗಿ ಮಾರಿಟ್ಟಿದ್ದ ಡಾಲರನ್ನು ಬ್ಯಾಂಕಿಗೆ ಒಪ್ಪಿಸಲು ಕಂಪನಿಗೆ ಆಗದ್ದಕ್ಕೆ ಕಟ್ಟಿದ ವ್ಯತ್ಯಾಸ ಅದು. ಆ ವರ್ಷ ರೂಪಾಯಿ ಜೋರಾಗಿ ಇಳಿದಿತ್ತು. ಡಾಲರಿನಲ್ಲಿ ಗಳಿಸುವವರಿಗೆ ಲಾಭದ ಕಾಲ. ಈ ಕಂಪನಿಯ ಮಾಲು ತಿರಸ್ಕೃತವಾಗಿರಲಿಲ್ಲ, ವಿದೇಶಿ ಖರೀದಿದಾರರು ಹಣ ನಿಲ್ಲಿಸಿರಲಿಲ್ಲ, ಒಂದು ಆರ್ಡರೂ ರದ್ದಾಗಿರಲಿಲ್ಲ. ಅಷ್ಟಾಗಿಯೂ ವರ್ಷದ ಲಾಭದ ದೊಡ್ಡ ಪಾಲು ಒಂದೇ ದಿನದಲ್ಲಿ ಹೋಯಿತು.

ಮನೆಯವರು ಬಹಳ ದಿನ ಇದನ್ನು ‘ರೂಪಾಯಿ ಬಿದ್ದು ಆದ ನಷ್ಟ’ ಎಂದೇ ಕರೆದರು. ನನ್ನ ಪ್ರಕಾರ ಆ ಹೆಸರೇ ತಪ್ಪು. ಕಂಪನಿಯ ಆಡಳಿತ ಅಣ್ಣ-ತಮ್ಮ ಇಬ್ಬರ ನಡುವೆ ಹರಿದು ಹಂಚಿಹೋಗಿತ್ತು. ಡಾಲರಿನ ಲೆಕ್ಕವೂ ಅದೇ ಗೆರೆಯ ಮೇಲೆ ಹರಿದಿತ್ತು. ನಷ್ಟ ಆ ಬಿರುಕಿನಲ್ಲಿ ಹುಟ್ಟಿತು. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ ಕಡೆಯ ಅಣ್ಣ-ತಮ್ಮಂದಿರ ಕಂಪನಿಗಳಲ್ಲಿ ಇಂಥ ಬಿರುಕು ಅಪರೂಪದ್ದಲ್ಲ.

ಇಲ್ಲಿ ಬರುವ ಕುಟುಂಬವಾಗಲಿ ಕಂಪನಿಯಾಗಲಿ ಒಂದೇ ಒಂದು ಮನೆತನದ ಯಥಾವತ್ ಚಿತ್ರವಲ್ಲ. ಈ ಭಾಗದ ಕುಟುಂಬ ಉದ್ದಿಮೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಒಟ್ಟಿಗೆ ತಂದು ಕಟ್ಟಿದ ಪ್ರಕರಣ ಇದು. ಕಂಪನಿಯ ಅಂಕಿಗಳು ಲೆಕ್ಕ ಸ್ಪಷ್ಟವಾಗಲೆಂದು ಇಟ್ಟುಕೊಂಡವು. ರೂಪಾಯಿಯ ಏರಿಳಿತ, ಕಾನೂನು, ಬ್ಯಾಂಕಿನ ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಷೇರು ಯಾರ ಕೈಯಲ್ಲಿ, ದುಡಿಮೆ ಯಾರ ಕೈಯಲ್ಲಿ

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಕಡ್ಡಿ, ಡಬ್ಬಿ ಎರಡೂ ತಳಿಗಳ ಬೆಲೆ ನಿಂತಿರುವುದು ಆ ಬಣ್ಣದ ಮೇಲೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಕೆಂಪು ಸಾರ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಣ್ಣವಾಗಿ ಹೊರದೇಶಕ್ಕೆ ಹೋಗುತ್ತದೆ. ನಮ್ಮ ಕಂಪನಿ ಮಾಡುತ್ತಿದ್ದುದು ಇದನ್ನೇ, ಜೊತೆಗೆ ಒಂದಿಷ್ಟು ಖಾರದಪುಡಿ ರಫ್ತು.

ಈ ಧಂದೆಯಲ್ಲಿ ರೂಪಾಯಿ ಮೊದಲು ಹೋಗುತ್ತದೆ, ಡಾಲರು ಬಹಳ ತಡವಾಗಿ ಬರುತ್ತದೆ. ಹೊಸ ಕಾಯಿ ಬ್ಯಾಡಗಿ ಎಪಿಎಂಸಿಗೆ ಭರಪೂರ ಬರುವುದು ಜನವರಿಯಿಂದ ಬೇಸಿಗೆಯ ತನಕ. ವರ್ಷಕ್ಕೆ ಬೇಕಾದ ಕಾಯಿಯನ್ನು ಆಗಲೇ ಟೆಂಡರಿನಲ್ಲಿ ಹಿಡಿದು, ರೈತರಿಗೆ ದುಡ್ಡು ಕೊಟ್ಟು, ತೊಟ್ಟು ಬಿಡಿಸಿ, ಕೋಲ್ಡ್ ಸ್ಟೋರೇಜಿಗೆ ಸೇರಿಸಬೇಕು. ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತೆಗೆದು ಸಾರ ಇಳಿಸಿ ಕಳಿಸಬೇಕು. ಯುರೋಪಿಗೆ ಹೋಗುವ ಮಾಲಿಗೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಪರೀಕ್ಷೆಯೂ ಇದೆ, ಅಲ್ಲಿ ದಿನಗಳು ಹಿಡಿಯುತ್ತವೆ. ಹೀಗೆ ಜನವರಿಯಲ್ಲಿ ಹೂಡಿದ ರೂಪಾಯಿಗೆ ಅಕ್ಟೋಬರಿನಲ್ಲಿ ಡಾಲರು ಬಂದರೆ ಅದು ವಾಡಿಕೆಯ ಮಾತು. ನಡುವಿನ ಎಂಟೊಂಬತ್ತು ತಿಂಗಳು ವಿನಿಮಯ ದರ ಎತ್ತ ಹೋದರೂ ಪೆಟ್ಟು ಲಾಭಾಂಶಕ್ಕೆ.

ಕಂಪನಿ ಕಟ್ಟಿದ್ದು ತಂದೆ. ಪ್ರೈವೇಟ್ ಲಿಮಿಟೆಡ್. ತಂದೆಯ ಹೆಸರಿನಲ್ಲಿ 52%, ಇಬ್ಬರು ಗಂಡುಮಕ್ಕಳ ಹೆಸರಿನಲ್ಲಿ ತಲಾ 24%. ತಂದೆ ಮೃತ್ಯುಪತ್ರ ಮಾಡದೆ ತೀರಿಕೊಂಡರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಂತ ಷೇರು ಹೆಂಡತಿ, ಇಬ್ಬರು ಮಕ್ಕಳು, ಮಗಳು, ಈ ನಾಲ್ವರಿಗೂ ಸಮನಾಗಿ, ಅಂದರೆ ತಲಾ 13%, ಹಂಚಿಹೋಯಿತು. ಅಲ್ಲಿಗೆ ಅಣ್ಣನದು 37%, ತಮ್ಮನದು 37%, ಅವ್ವನದು 13%, ಧಾರವಾಡದಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ತಂಗಿಯದು 13%.

ಈ ನಾಲ್ಕು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾರೊಬ್ಬರಿಗೂ ಬಹುಮತ ಇಲ್ಲ. ಅಣ್ಣನ ಜೊತೆ ಅವ್ವ, ತಮ್ಮನ ಜೊತೆ ತಂಗಿ ನಿಂತರೆ 50ಕ್ಕೆ 50. ಸಾಮಾನ್ಯ ನಿರ್ಣಯವೂ ಬಿದ್ದುಹೋಗುತ್ತದೆ. ಕಂಪನಿಯ ಆರ್ಟಿಕಲ್ಸ್, ಅಂದರೆ ಒಳಾಡಳಿತದ ನಿಯಮಾವಳಿ, ತಿದ್ದಲು ವಿಶೇಷ ನಿರ್ಣಯ ಬೇಕು, ಅಂದರೆ ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು. ಅಣ್ಣ-ತಮ್ಮ ಇಬ್ಬರೂ ಸೇರಿದರೆ 74%. ಅವ್ವ ಮತ್ತು ಮಗಳು ಒಟ್ಟಾಗಿ ಬೇಡ ಅಂದರೆ ಗಂಡುಮಕ್ಕಳು ಒಂದು ಅಕ್ಷರ ಬದಲಿಸಲಾರರು. ಇನ್ನು ತಂಗಿಯ 13% ಕಂಪನಿ ಕಾಯ್ದೆಯ 244ನೇ ಕಲಮಿನ ಹತ್ತನೇ ಒಂದು ಭಾಗದ ಮಿತಿಗಿಂತ ಹೆಚ್ಚು. ದಬ್ಬಾಳಿಕೆ, ದುರಾಡಳಿತ ಎಂದು 241ರ ಅಡಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗುವ ಹಕ್ಕು ಅವರೊಬ್ಬರಿಗೇ ಇತ್ತು. ಈ ಯಾವುದನ್ನೂ ಮನೆಯಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ‘ಕಂಪನಿ ಅಣ್ಣ-ತಮ್ಮರದು, ಉಳಿದವರದು ಹೆಸರಿಗೆ’ ಅನ್ನುವುದೇ ನಡೆದಿತ್ತು.

ದುಡಿಮೆಯ ಕಡೆ ನೋಡಿದರೆ ಚಿತ್ರ ಇನ್ನೂ ಬೇರೆ. ಅಣ್ಣ ಮ್ಯಾನೇಜಿಂಗ್ ಡೈರೆಕ್ಟರ್. ವಿದೇಶಿ ಖರೀದಿದಾರರು, ಹುಬ್ಬಳ್ಳಿಯ ಬ್ಯಾಂಕು ಅವರ ಪಾಲು. ಯಾರ್ಡಿನಲ್ಲಿ ಅವರದೇ ಸ್ವಂತ ದಲಾಲಿ ಅಂಗಡಿ, ಕಂಪನಿ ಕೊಳ್ಳುವ ಕಾಯಿಯಲ್ಲಿ ಬಹುಪಾಲು ಅದರ ಮೂಲಕ. ಖರೀದಿ, ಕಾರ್ಖಾನೆ, ದಾಸ್ತಾನು ನೋಡುತ್ತಿದ್ದವರು ತಮ್ಮ. ಕೋಲ್ಡ್ ಸ್ಟೋರೇಜ್ ಅವರ ಹೆಂಡತಿಯ ಮನೆಯವರ ಜೊತೆಗಿನ ಪಾಲುದಾರಿಕೆ, ಕಂಪನಿ ಅದಕ್ಕೆ ಬಾಡಿಗೆ ಕಟ್ಟುತ್ತಿತ್ತು. ದಲಾಲಿಯೂ ಬಾಡಿಗೆಯೂ ಕಂಪನಿಗೆ ಲಾಭವಾಗಲಿ ನಷ್ಟವಾಗಲಿ ಬರುವ ಹಣ. ಅವ್ವ ಮತ್ತು ತಂಗಿಗೆ ಇದ್ದದ್ದು ಡಿವಿಡೆಂಡ್ ಒಂದೇ. ಎಲ್ಲ ಖರ್ಚು ಕಳೆದು ಲಾಭ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವ್ವ ನಿರ್ದೇಶಕಿಯೂ ಹೌದು. ಸಭೆಯ ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ಸಹಿ ಹಾಕಿ ಕಳಿಸುತ್ತಿದ್ದರು.

ಜನವರಿ 2018: ಎರಡು ಸರಿಯಾದ ನಿರ್ಧಾರಗಳು

2017 ರಫ್ತುದಾರರನ್ನು ಕಾಡಿದ ವರ್ಷ. ಡಾಲರಿಗೆ 68ರ ಹತ್ತಿರ ಇದ್ದ ರೂಪಾಯಿ ವರ್ಷಾಂತ್ಯಕ್ಕೆ 64ರ ಆಸುಪಾಸಿಗೆ ಬಲಗೊಂಡಿತ್ತು. ಈ ಕಂಪನಿಯ ಲಾಭಾಂಶ ಆ ವರ್ಷ ಕೊರೆದುಹೋಯಿತು. ಹಾಗಾಗಿ 2018ರ ಜನವರಿಯಲ್ಲಿ, ಡಾಲರು ₹63.80 ಇದ್ದಾಗ, ಅಣ್ಣ ಒಂದು ತೀರ್ಮಾನಕ್ಕೆ ಬಂದರು: ಹಿಂದಿನ ವರ್ಷದ ರಫ್ತು 30 ಲಕ್ಷ ಡಾಲರು, ಈ ವರ್ಷವೂ ಅಷ್ಟೇ ಆಗುತ್ತದೆ, ಅದರಲ್ಲಿ 80% ಅಂದರೆ 24 ಲಕ್ಷ ಡಾಲರನ್ನು ಅಕ್ಟೋಬರ್ ಮಧ್ಯಕ್ಕೆ ₹65.80ರ ದರದಲ್ಲಿ ಫಾರ್ವರ್ಡ್ ಮಾರಿಬಿಡುವುದು, ಅಂದರೆ ಆ ದಿನ ಆ ದರಕ್ಕೇ ಡಾಲರು ಕೊಡುತ್ತೇವೆಂದು ಬ್ಯಾಂಕಿನೊಡನೆ ಮುಂಚೆಯೇ ಕರಾರು ಮಾಡಿಕೊಳ್ಳುವುದು. ಅಂದು ಆರ್ಡರ್ ಪ್ರತಿ ಇಲ್ಲದೆಯೂ ಹಿಂದಿನ ವರ್ಷಗಳ ರಫ್ತನ್ನು ಆಧಾರವಾಗಿ ತೋರಿಸಿ ಫಾರ್ವರ್ಡ್ ಮಾಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಅಣ್ಣ ಆ ದಾರಿ ಹಿಡಿದರು.

ಇದನ್ನು ಜೂಜು ಎನ್ನಲು ನಾನು ಸಿದ್ಧನಿಲ್ಲ. 2007ರಲ್ಲಿ ರೂಪಾಯಿ 40ಕ್ಕಿಂತಲೂ ಬಲವಾದಾಗ ತಿರುಪ್ಪೂರು ಮುಂತಾದ ಕಡೆಯ ರಫ್ತುದಾರರು ಬ್ಯಾಂಕುಗಳು ಕೊಟ್ಟ ತೊಡಕಿನ ಡಿರೈವೇಟಿವ್‌ಗಳಿಗೆ (ದರದ ಏರಿಳಿತದ ಮೇಲೆ ನಿಂತ ಕರಾರುಗಳಿಗೆ) ಸಹಿ ಹಾಕಿ, 2008ರಲ್ಲಿ ಪೇಟೆ ತಿರುಗಿದಾಗ ಮುಳುಗಿದ್ದರು. ರಾಜಶ್ರೀ ಶುಗರ್ಸ್ ಮತ್ತು ಆಕ್ಸಿಸ್ ಬ್ಯಾಂಕ್ ನಡುವಿನ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು 2008ರ ಅಕ್ಟೋಬರಿನಲ್ಲಿ, ಅಂಥ ಕರಾರು ಪಂದ್ಯವಾದ್ದರಿಂದ ಅಸಿಂಧು ಎಂಬ ವಾದವನ್ನು ಒಪ್ಪಲಿಲ್ಲ. ಅಣ್ಣನಿಗೆ ಆ ಕಾಲದ ನೆನಪು ಚೆನ್ನಾಗಿತ್ತು. ಅದಕ್ಕೇ ಸರಳ ಫಾರ್ವರ್ಡ್ ಬಿಟ್ಟು ಬೇರೇನನ್ನೂ ಅವರು ಮುಟ್ಟಿರಲಿಲ್ಲ.

ಅದೇ ಜನವರಿಯಿಂದ ಮಾರ್ಚ್ ನಡುವೆ ಕಾಯಿ ಖರೀದಿಗೆ ಹಣ ಹೊಂದಿಸಿದವರು ತಮ್ಮ. ರಾಣೆಬೆನ್ನೂರಿನ ಇನ್ನೊಂದು ಬ್ಯಾಂಕಿನಲ್ಲಿ ಕೋಲ್ಡ್ ಸ್ಟೋರೇಜಿನ ದಾಸ್ತಾನು ಒತ್ತೆಯಿಟ್ಟು ಪಿಸಿಎಫ್‌ಸಿ, ಅಂದರೆ ಡಾಲರಿನಲ್ಲೇ ಕೊಡುವ ಪ್ಯಾಕಿಂಗ್ ಕ್ರೆಡಿಟ್ ಸಾಲ, 20 ಲಕ್ಷ ಡಾಲರು ಎತ್ತಿದರು. ರೂಪಾಯಿ ಸಾಲಕ್ಕೆ 9% ಬಡ್ಡಿ, ಇದಕ್ಕೆ 4% ಮಾತ್ರ. ಡಾಲರನ್ನು ಸರಾಸರಿ ₹64.40ಕ್ಕೆ ಮುರಿಸಿ ₹12 ಕೋಟಿ 88 ಲಕ್ಷ ಪಡೆದು ಯಾರ್ಡಿನಲ್ಲಿ ಬಟವಾಡೆ ಮಾಡಿದರು. ತೀರಿಸುವುದು ರಫ್ತಿನಿಂದ ಬರುವ ಡಾಲರಿನಲ್ಲೇ.

ಇಬ್ಬರ ನಿರ್ಧಾರವೂ ಬಿಡಿಬಿಡಿಯಾಗಿ ನೋಡಿದರೆ ಸರಿ. ತಮ್ಮನ ಸಾಲದ ಬಗ್ಗೆ ಒಂದು ಮಾತು ಸೇರಿಸಬೇಕು. 4% ಎಂಬುದು ಕಂಡಷ್ಟು ಅಗ್ಗವಲ್ಲ. ಡಾಲರನ್ನು ಇವತ್ತೇ ಮುರಿಸಿದವರಿಗೆ ಫಾರ್ವರ್ಡ್ ಪ್ರೀಮಿಯಂ, ಅಂದರೆ ಇವತ್ತಿನ ದರಕ್ಕಿಂತ ಫಾರ್ವರ್ಡ್ ದರದಲ್ಲಿ ಇರುವ ಹೆಚ್ಚಳ, ಸಿಗುವುದಿಲ್ಲ. ಅಂದಿನ ಪ್ರೀಮಿಯಂ ವರ್ಷಕ್ಕೆ ಸುಮಾರು 4.2%. ರೂಪಾಯಿ ಪ್ಯಾಕಿಂಗ್ ಕ್ರೆಡಿಟ್ ಪಡೆದಿದ್ದರೆ 2015ರಿಂದ ಜಾರಿಯಲ್ಲಿದ್ದ ಬಡ್ಡಿ ಸಮೀಕರಣ ಯೋಜನೆಯಲ್ಲಿ ಇಂಥ ಸಣ್ಣ-ಮಧ್ಯಮ ಕಾರ್ಖಾನೆಗೆ 3% ರಿಯಾಯಿತಿ ಇತ್ತು, ಅದು ಡಾಲರ್ ಸಾಲಕ್ಕೆ ಇಲ್ಲ. ಅಂದರೆ ರೂಪಾಯಿ ಸಾಲ 6%, ಅದರ ಜೊತೆ ಫಾರ್ವರ್ಡ್ ಮಾರಿದ್ದರೆ ಬರುವ 4.2% ಕಳೆದರೆ ನಿವ್ವಳ 1.8%. ಡಾಲರ್ ಸಾಲ 4%. ₹12.88 ಕೋಟಿಯ ಮೇಲೆ ಎಂಟು ತಿಂಗಳಿಗೆ ಸುಮಾರು ₹19 ಲಕ್ಷದ ಅಂತರ. ಸಾಲ ಮತ್ತು ಫಾರ್ವರ್ಡ್ ಎರಡನ್ನೂ ಒಬ್ಬರೇ ಕೂತು ನೋಡಿದ್ದರೆ ಮಾತ್ರ ಕಾಣುವ ಅಂತರ ಇದು.

ಹೊಲ ಒಂದೇ, ಕ್ರಯಪತ್ರ ಎರಡು

ಪಿಸಿಎಫ್‌ಸಿ ಸಾಲವಷ್ಟೇ ಅಲ್ಲ, ಅದು ಸ್ವತಃ ಒಂದು ಹೆಡ್ಜ್, ಅಂದರೆ ದರದ ಏರಿಳಿತದಿಂದ ಕಾಯುವ ಬೇಲಿ. ಮುಂದೆ ಬರುವ ಡಾಲರನ್ನು ಇಂದಿನ ದರಕ್ಕೆ ಮುರಿಸಿಕೊಂಡು, ಬಂದಾಗ ಅದನ್ನು ಬ್ಯಾಂಕಿಗೆ ಕೊಡುವ ವ್ಯವಸ್ಥೆ. ತಮ್ಮ 20 ಲಕ್ಷ ಎತ್ತಿದ ಕ್ಷಣದಲ್ಲೇ ವರ್ಷದ 30 ಲಕ್ಷದಲ್ಲಿ 20 ಲಕ್ಷದ ದರ ₹64.40ಕ್ಕೆ ಗಟ್ಟಿಯಾಗಿತ್ತು. ದರದ ಅಪಾಯ ಉಳಿದದ್ದು 10 ಲಕ್ಷಕ್ಕೆ. ಆದರೆ ಅಣ್ಣ ಮಾರಿದ್ದು 24 ಲಕ್ಷ. ಒಂದೇ ಹೊಲವನ್ನು ಅಣ್ಣ ಒಬ್ಬರಿಗೆ, ತಮ್ಮ ಇನ್ನೊಬ್ಬರಿಗೆ ಕ್ರಯ ಮಾಡಿಕೊಟ್ಟ ಹಾಗೆ, 14 ಲಕ್ಷ ಡಾಲರು ಎರಡು ಸಲ ಮಾರಾಟವಾಗಿತ್ತು.

ಹೆಡ್ಜ್ ಹೆಚ್ಚಾದರೆ ಸುರಕ್ಷತೆ ಹೆಚ್ಚು ಎಂದು ಅನೇಕರು ತಿಳಿಯುತ್ತಾರೆ. ಇರುವ ಡಾಲರನ್ನು ದಾಟಿದ ಹೆಡ್ಜ್ ಕಂಪನಿಯನ್ನು ತಿರುವಿ ಹಾಕುತ್ತದೆ. ಈ ಕಂಪನಿ ಜನವರಿಯ ತನಕ ರೂಪಾಯಿ ಬಲಗೊಂಡರೆ ಸೋಲುವ ಕಂಪನಿ; ಮಾರ್ಚ್ ಕೊನೆಗೆ ರೂಪಾಯಿ ಇಳಿದರೆ ಸೋಲುವ ಕಂಪನಿಯಾಗಿತ್ತು. ಅದು ಒಳಗಿನವರಿಗೇ ಗೊತ್ತಿರಲಿಲ್ಲ.

ಆಮೇಲಿನದು ಎಲ್ಲರಿಗೂ ತಿಳಿದ ಕಥೆ. ಕಚ್ಚಾತೈಲ ಏರಿತು, ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಹೋಯಿತು, ಆಗಸ್ಟಿನಲ್ಲಿ ಟರ್ಕಿಯ ಲಿರಾ ಕುಸಿಯಿತು, ಸೆಪ್ಟೆಂಬರಿನಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಕಂಪನಿ ಸಾಲ ಕಟ್ಟಲಾರದೆ ನಿಂತಿತು. ಅಕ್ಟೋಬರಿನಲ್ಲಿ ಡಾಲರು ₹74 ದಾಟಿತು. ಕಂಪನಿಗೆ ಬಂದ 30 ಲಕ್ಷದಲ್ಲಿ 20 ಲಕ್ಷ ರಾಣೆಬೆನ್ನೂರಿನ ಸಾಲಕ್ಕೆ ಹೋಯಿತು, 10 ಲಕ್ಷ ಹುಬ್ಬಳ್ಳಿಯ ಬ್ಯಾಂಕಿಗೆ ₹65.80ರ ದರದಲ್ಲಿ ಒಪ್ಪಿಸಲಾಯಿತು. ಉಳಿದ 14 ಲಕ್ಷಕ್ಕೆ ಡಾಲರೇ ಇಲ್ಲ. ಅಂದಿನ ದರ ₹73.80. ಡಾಲರಿಗೆ ₹8ರಂತೆ ₹1.12 ಕೋಟಿ ಕಟ್ಟಿ ಕರಾರು ರದ್ದು ಮಾಡಬೇಕಾಯಿತು. ಅಣ್ಣ ಮುಂದಿನ ತಿಂಗಳಿಗೆ ಹಾಕಿಕೊಡಿ ಎಂದು ಕೇಳಿದರು. ಹಾಗೆ ಮಾಡಿದರೂ ಹಳೆಯ ದರದ ವ್ಯತ್ಯಾಸವನ್ನು ಈಗಲೇ ಕಟ್ಟಬೇಕು, ಹಳೆಯ ದರದಲ್ಲೇ ಮುಂದುವರಿಸಲು ನಿಯಮ ಬಿಡುವುದಿಲ್ಲ ಎಂದು ಬ್ಯಾಂಕು ಹೇಳಿತು. ಹೇಳಿದ್ದು ಸರಿಯೇ.

ದೀಪಾವಳಿಗೆ ಮನೆಯಲ್ಲಿ ಸೇರಿದಾಗ ತಂಗಿ ಕೇಳಿದ ಪ್ರಶ್ನೆ ಸರಳವಾಗಿತ್ತು.

“ಅಣ್ಣಾ, ಬರೋ ಡಾಲರ್ ಮೂವತ್ತ ಲಕ್ಷ. ನೀ ಮಾರಿದ್ದೆಷ್ಟು, ಸಣ್ಣಣ್ಣ ಮಾರಿದ್ದೆಷ್ಟು?”

“ಅಂವ ಎಲ್ಲಿ ಮಾರ್ಯಾನ? ಅಂವ ಸಾಲಾ ತಗೊಂಡಾನ. ಸಾಲಕ್ಕೂ ಫಾರ್ವರ್ಡಿಗೂ ಏನ್ ಸಂಬಂಧ ತಂಗಿ?”

ಸಂಬಂಧ ಏನೆಂದು ಮನೆಯವರೆಲ್ಲರಿಗೂ ಅರ್ಥವಾಗಲು ಹುಬ್ಬಳ್ಳಿಯಿಂದ ಹೊರಗಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟರು ಬಂದು ಎರಡೂ ಬ್ಯಾಂಕುಗಳ ಕಾಗದವನ್ನು ಒಂದೇ ಮೇಜಿನ ಮೇಲೆ ಹರಡಬೇಕಾಯಿತು.

ನಷ್ಟ ನಿಜಕ್ಕೂ ಎಷ್ಟು?

ಜಗಳ ಬೆಳೆದದ್ದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಂಗಿಯ ಕಡೆಯ ಲೆಕ್ಕ ₹1.92 ಕೋಟಿ: 24 ಲಕ್ಷಕ್ಕೂ ಎಂಟೆಂಟು ರೂಪಾಯಿ ಹೋಯಿತಲ್ಲ. ಅಣ್ಣನ ಲೆಕ್ಕ ಸೊನ್ನೆ: ಹೆಡ್ಜ್ ಅಂದರೆ ವಿಮೆ, ವಿಮೆಯ ಕಂತಿಗೆ ನಷ್ಟ ಅನ್ನುತ್ತಾರೆಯೇ?

ಇಬ್ಬರದೂ ತಪ್ಪು. ನಿಜವಾಗಿ ಕೈಯಲ್ಲಿದ್ದ 10 ಲಕ್ಷ ಡಾಲರನ್ನು 65.80ಕ್ಕೆ ಕೊಟ್ಟದ್ದು ನಷ್ಟವಲ್ಲ. ಆ ದರಕ್ಕೆ ಲಾಭ ಇದೆ ಎಂದು ನೋಡಿಯೇ ಕಾಯಿ ಹಿಡಿದಿದ್ದರು, ಆ ಲಾಭ ಬಂತು. ಸಿಗಬಹುದಾಗಿದ್ದ ₹80 ಲಕ್ಷ ಸಿಗಲಿಲ್ಲ ಎಂದು ಅದನ್ನು ನಷ್ಟದ ಪಟ್ಟಿಗೆ ಹಾಕುವುದಾದರೆ, ತಮ್ಮ 64.40ಕ್ಕೆ ಮುರಿಸಿದ 20 ಲಕ್ಷವನ್ನೂ ಹಾಕಬೇಕು; ಅದು ₹1.88 ಕೋಟಿ ಆಗುತ್ತದೆ. ತಮ್ಮನ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಏಕೆಂದರೆ ಅದು ‘ಸಾಲ’ದ ಪುಸ್ತಕದಲ್ಲಿತ್ತು.

ಇನ್ನು 14 ಲಕ್ಷದ ಫಾರ್ವರ್ಡ್ ವಿಮೆ ಅಲ್ಲವೇ ಅಲ್ಲ. ಅದರ ಹಿಂದೆ ಡಾಲರಿರಲಿಲ್ಲ. ರೂಪಾಯಿ 60ಕ್ಕೆ ಬಲಗೊಂಡಿದ್ದರೆ ಅದೇ 14 ಲಕ್ಷ ಡಾಲರಿಗೆ ₹5.80ರಂತೆ ₹81 ಲಕ್ಷ ಲಾಭ ತರುತ್ತಿತ್ತು. ಆಗ ಅಣ್ಣನ ಚಾಣಾಕ್ಷತನವನ್ನು ಹೊಗಳುತ್ತಿದ್ದರು, ಕಂಪನಿ ಮರುವರ್ಷ ಇನ್ನೂ ದೊಡ್ಡ ಮೊತ್ತಕ್ಕೆ ಅದನ್ನೇ ಮಾಡುತ್ತಿತ್ತು. ಹೀಗಾಗಿ ನಷ್ಟ ₹1.12 ಕೋಟಿ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅದರ ಸ್ವರೂಪ, ಯಾರೂ ಬೇಕೆಂದು ಮಾಡದ ಸಟ್ಟಾ (ದರದ ಮೇಲಿನ ಊಹೆಯ ವ್ಯಾಪಾರ). ಆದಾಯ ತೆರಿಗೆಯಲ್ಲೂ ಇದಕ್ಕೆ ಬೆಲೆ ತೆರಬೇಕಾಗಬಹುದು. ರಫ್ತಿಗೆ ತಾಳೆಯಾಗುವ ಫಾರ್ವರ್ಡಿನ ನಷ್ಟವನ್ನು ವ್ಯಾಪಾರದ ನಷ್ಟವೆಂದು ವಾದಿಸಬಹುದು. ರಫ್ತನ್ನು ಮೀರಿದ ಭಾಗವನ್ನು ಆಗ ಜಾರಿಯಲ್ಲಿದ್ದ 1961ರ ಕಾಯ್ದೆಯ 43(5)ರ ಸಟ್ಟಾ ವ್ಯವಹಾರ ಎಂದು ಅಧಿಕಾರಿ ಹೇಳಿದರೆ, 73ನೇ ಕಲಮಿನಂತೆ ಅದನ್ನು ವ್ಯಾಪಾರದ ಲಾಭದಿಂದ ಕಳೆಯಲು ಬರುವುದಿಲ್ಲ.

ತಂಗಿಯ ಪಾಲಿಗೆ ಈ ನಷ್ಟದಲ್ಲಿ ಬಂದದ್ದು 13%, ಅಂದರೆ ₹14.56 ಲಕ್ಷ. ಕೇಳದೆ, ಹೇಳದೆ ಹೋದ ಹಣ. ಅಣ್ಣನ ದಲಾಲಿ, ತಮ್ಮನ ಬಾಡಿಗೆ ಆ ವರ್ಷವೂ ಪೂರ್ತಿ ಸಂದಾಯವಾಗಿತ್ತು.

ಕಾವಲು ಇದ್ದರೂ ಕಾಣಲಿಲ್ಲ

ಬ್ಯಾಂಕುಗಳು ಹಿಡಿಯಬೇಕಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಎರಡೂ ಬೇರೆ ಬೇರೆ ಬ್ಯಾಂಕು, ಎರಡರ ಕಡತವೂ ಶುದ್ಧ. ಹುಬ್ಬಳ್ಳಿಯವರ ಬಳಿ ಹಿಂದಿನ ರಫ್ತಿನ ಪ್ರಮಾಣಪತ್ರ ಇತ್ತು, ರಾಣೆಬೆನ್ನೂರಿನವರ ಬಳಿ ಆರ್ಡರು ಮತ್ತು ದಾಸ್ತಾನು. ಲೆಕ್ಕಪರಿಶೋಧಕರು ನೋಡಿದ್ದು ಮಾರ್ಚ್ 31ರ ಸ್ಥಿತಿ. ಅಂದು ಡಾಲರು 65ರ ಆಸುಪಾಸಿನಲ್ಲಿದ್ದುದರಿಂದ ಫಾರ್ವರ್ಡಿನ ಮೇಲೆ ಕಾಣುತ್ತಿದ್ದ ನಷ್ಟ ಅಲ್ಪ. ಆರ್ಥಿಕ ವರ್ಷದ ಗೆರೆ ಏಪ್ರಿಲಿನಲ್ಲಿ ಬೀಳುತ್ತದೆ, ಮೆಣಸಿನಕಾಯಿಯ ಅಪಾಯ ಏಪ್ರಿಲಿನಿಂದ ಅಕ್ಟೋಬರಿನ ತನಕ ಬೆಳೆಯುತ್ತದೆ.

ಬೋರ್ಡಿನ ಕಥೆ ಇನ್ನೂ ಖಾಲಿ. ಫಾರ್ವರ್ಡ್ ಮಾಡಲು ಬ್ಯಾಂಕಿಗೆ ಬೇಕಾದ ನಿರ್ಣಯ ಬ್ಯಾಂಕಿನದೇ ಅಚ್ಚು ನಮೂನೆಯಲ್ಲಿತ್ತು: ವಿದೇಶಿ ವಿನಿಮಯದ ಎಲ್ಲ ಕರಾರುಗಳಿಗೆ ಮ್ಯಾನೇಜಿಂಗ್ ಡೈರೆಕ್ಟರಿಗೆ ಅಧಿಕಾರ. ಎಷ್ಟು ಮೊತ್ತದ ತನಕ, ಎಷ್ಟು ಅವಧಿಗೆ, ಯಾವುದರ ಎದುರು, ಒಂದೂ ಇಲ್ಲ. ಅದಕ್ಕೆ ಸಹಿ ಹಾಕಿದವರಲ್ಲಿ ತಮ್ಮನೂ ಇದ್ದರು, ಅವ್ವನೂ ಇದ್ದರು. ದೊಡ್ಡ ಲಿಸ್ಟೆಡ್ ಕಂಪನಿಗಳಲ್ಲಿ ಆಡಿಟ್ ಸಮಿತಿ, ಸ್ವತಂತ್ರ ನಿರ್ದೇಶಕರು ಇರುತ್ತಾರೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಅಪಾಯ ನಿರ್ವಹಣಾ ಸಮಿತಿಯನ್ನೇ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಕುಟುಂಬದ ಪ್ರೈವೇಟ್ ಕಂಪನಿಗೆ ಅದಾವುದೂ ಇಲ್ಲ. ಅಲ್ಲಿನ ಸಮಿತಿ ಅಂದರೆ ಅಣ್ಣ-ತಮ್ಮಂದಿರು ದಿನಾ ಒಟ್ಟಿಗೆ ಉಣ್ಣುವುದು. ತಂದೆ ತೀರಿದ ಮೇಲೆ ಅದು ನಿಂತುಹೋಗಿತ್ತು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕಬಾರದೆಂಬ ಮರ್ಯಾದೆ ಬೆಳೆದಿತ್ತು. ಕಂಪನಿ ಕಾಯ್ದೆಯ ಯಾವ ಕಲಮೂ ಆ ಮರ್ಯಾದೆಯಷ್ಟು ಗಟ್ಟಿಯಾಗಿ ಕೆಲಸ ಮಾಡಲಿಲ್ಲ.

ಅಣ್ಣನ ಬಗ್ಗೆ ನನಗಿರುವ ಗಂಭೀರ ಆಕ್ಷೇಪ ಜನವರಿಯದಲ್ಲ, ಜುಲೈನದು. ಜುಲೈ ಕೊನೆಗೆ ಡಾಲರು ₹68.70ರ ಸುಮಾರಿಗೆ ಬಂದಾಗ ಖರೀದಿ ಸಾಲ ಎಷ್ಟಿದೆ ಎಂದು ಅವರಿಗೆ ತಿಳಿದಿತ್ತು. ಅಂದೇ 14 ಲಕ್ಷವನ್ನು ಅಕ್ಟೋಬರ್ ಮಧ್ಯದ ಫಾರ್ವರ್ಡ್ ದರದಲ್ಲಿ ರದ್ದು ಮಾಡಿದ್ದರೆ ಸುಮಾರು ₹50 ಲಕ್ಷದಲ್ಲಿ ಮುಗಿಯುತ್ತಿತ್ತು. ‘ಇಳಿದದ್ದು ಏರುತ್ತದೆ’ ಎಂದು ಎರಡೂವರೆ ತಿಂಗಳು ಯಾರಿಗೂ ಹೇಳದೆ ಕಾದರು. ಅಷ್ಟು ಹೊತ್ತಿಗೆ ಅದು ತಿಳಿಯದೆ ಆದದ್ದಾಗಿ ಉಳಿದಿರಲಿಲ್ಲ.

ಹೆಡ್ಜ್ ಯಾರಿಗೆ ಬೇಕು?

ಸಮಾಧಾನದ ಮಾತುಕತೆಯಲ್ಲಿ ತಂಗಿ ಎತ್ತಿದ ಇನ್ನೊಂದು ಪ್ರಶ್ನೆ ನನಗೆ ಮುಖ್ಯವೆನಿಸುತ್ತದೆ: ನಾವು ಇಷ್ಟೊಂದು ಹೆಡ್ಜ್ ಮಾಡುವುದೇ ಯಾರಿಗಾಗಿ?

ಅಣ್ಣ-ತಮ್ಮ ಇಬ್ಬರೂ ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟಿದ್ದರು, ಮನೆ ಅಡವಿಟ್ಟಿದ್ದರು. ಅವರ ಆಸ್ತಿ, ಸಂಬಳ, ಊರಿನ ಮಾನ ಎಲ್ಲವೂ ಒಂದೇ ಕಂಪನಿಯಲ್ಲಿ. ರೂಪಾಯಿ ಒಂದು ವರ್ಷ ಎದುರು ತಿರುಗಿದರೆ ಮನೆಯೇ ಹೋಗಬಹುದು, ಹಾಗಾಗಿ ಅವರಿಗೆ ಗಟ್ಟಿ ದರ ಬೇಕು. ತಂಗಿಗೆ ಸರ್ಕಾರಿ ಸಂಬಳ, ಜಾಮೀನಿಲ್ಲ, ಕಂಪನಿ ಷೇರು ಅವರ ಬದುಕಿನ ಒಂದು ಭಾಗ ಮಾತ್ರ. ಒಂದು ವರ್ಷ ಡಿವಿಡೆಂಡ್ ಬರದಿದ್ದರೂ ತಡೆದುಕೊಳ್ಳಬಲ್ಲರು. ರೂಪಾಯಿ ಇಳಿದರೆ ಬರುವ ಲಾಭವನ್ನು ಬಿಟ್ಟುಕೊಡಲು ಅವರಿಗೆ ಕಾರಣವಿಲ್ಲ. ಒಂದೇ ಕಂಪನಿಯ ಷೇರುದಾರರಾದರೂ ಎಷ್ಟು ಹೆಡ್ಜ್ ಸರಿ ಎಂಬುದಕ್ಕೆ ಇಬ್ಬರ ಉತ್ತರ ಬೇರೆ, ಎರಡೂ ಪ್ರಾಮಾಣಿಕ.

ಇದು ನಮ್ಮ ಕಡೆಯದಷ್ಟೇ ಅಲ್ಲ. ಹಣಕಾಸು ವಿದ್ವಾಂಸ ಪೀಟರ್ ಟುಫಾನೊ 1996ರಲ್ಲಿ ಉತ್ತರ ಅಮೆರಿಕದ ಚಿನ್ನದ ಗಣಿ ಕಂಪನಿಗಳನ್ನು ಅಭ್ಯಸಿಸಿದಾಗ, ತಮ್ಮದೇ ಹಣ ಕಂಪನಿಯ ಷೇರಿನಲ್ಲಿ ಹೆಚ್ಚಿದ್ದ ಮ್ಯಾನೇಜರುಗಳು ಚಿನ್ನದ ಬೆಲೆಯ ಅಪಾಯವನ್ನು ಹೆಚ್ಚು ಕಟ್ಟಿಹಾಕಿದ್ದರು. ಸ್ಟಾಕ್ ಆಪ್ಷನ್ (ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಹೆಚ್ಚಿದ್ದವರು ಕಡಿಮೆ ಕಟ್ಟಿಹಾಕಿದ್ದರು. ಬ್ಯಾಡಗಿಯ ಅಣ್ಣ-ತಮ್ಮರ ನಡೆ ಅದಕ್ಕೆ ಹೊಂದುತ್ತದೆ. ಸ್ವಂತ ಮನೆ ಉಳಿಸಿಕೊಳ್ಳಲು ಅಣ್ಣ ಕಂಪನಿಯ ಖರ್ಚಿನಲ್ಲಿ ಹೆಡ್ಜ್ ಮಾಡಿದರು ಎಂಬ ಆರೋಪದಲ್ಲಿ ಸತ್ಯಾಂಶ ಇದೆ. ಆದರೆ ಜಾಮೀನು ಹೊತ್ತವರು ಅವರೇ, ಆ ಜಾಮೀನಿನಿಂದ ಸಿಕ್ಕ ಸಾಲದಲ್ಲೇ ಎಲ್ಲರ ಡಿವಿಡೆಂಡ್ ಬಂದಿತ್ತು ಎಂಬುದೂ ಅಷ್ಟೇ ಸತ್ಯ. ತಂಗಿಯೂ ಇದನ್ನು ಒಪ್ಪಿದರು. ನ್ಯಾಯಮಂಡಳಿಗೆ ಹೋಗುವ ಮಾತನ್ನು ಅವರು ಕೈಬಿಟ್ಟದ್ದು ಆ ಮೇಲೆಯೇ.

ಬದಲಾದದ್ದು

ಮೊದಲು ಬಂದದ್ದು ಒಂದು ಹಾಳೆ. ವಾರಕ್ಕೊಮ್ಮೆ ಅಕೌಂಟೆಂಟ್ ತುಂಬಿ ಎಲ್ಲ ಷೇರುದಾರರಿಗೂ ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಹಾಳೆ. ಪ್ರತಿ ಆರ್ಡರಿಗೆ ಒಂದು ಸಾಲು: ಎಷ್ಟು ಡಾಲರು, ಯಾವ ತಿಂಗಳು ಬರುತ್ತದೆ, ಅದರ ಎದುರು ಎತ್ತಿದ ಪಿಸಿಎಫ್‌ಸಿ ಎಷ್ಟು, ಮಾರಿದ ಫಾರ್ವರ್ಡ್ ಎಷ್ಟು, ಉಳಿದದ್ದೆಷ್ಟು. ಕೊನೆಯ ಕಾಲಂ ಯಾವ ತಿಂಗಳಲ್ಲೂ ಸೊನ್ನೆಗಿಂತ ಕೆಳಗಿಳಿಯಬಾರದು. 2018ರ ಮಾರ್ಚಿನಲ್ಲಿ ಈ ಹಾಳೆ ಇದ್ದಿದ್ದರೆ ಅಲ್ಲಿ ಋಣ 14 ಲಕ್ಷ ಎಂದು ಕಾಣುತ್ತಿತ್ತು. ಇದಕ್ಕೆ ಸಾಫ್ಟ್‌ವೇರೂ ಬೇಕಿಲ್ಲ, ಸಲಹೆಗಾರರೂ ಬೇಕಿಲ್ಲ.

ಬೋರ್ಡು ಒಂದೂವರೆ ಪುಟದ ನೀತಿ ಒಪ್ಪಿತು. ಪಿಸಿಎಫ್‌ಸಿಯನ್ನೂ ಸೇರಿಸಿ ಒಟ್ಟು ಹೆಡ್ಜ್ ಕೈಯಲ್ಲಿರುವ ಆರ್ಡರಿನ 50ರಿಂದ 75% ಒಳಗೆ. ಹಿಂದಿನ ವರ್ಷದ ರಫ್ತಿನ ಅಂದಾಜಿನ ಮೇಲೆ ಫಾರ್ವರ್ಡ್ ಇಲ್ಲ. ಒಬ್ಬರು ದರ ಹಿಡಿದರೆ ಬ್ಯಾಂಕಿನ ದೃಢೀಕರಣಕ್ಕೆ ಸಹಿ ಇನ್ನೊಬ್ಬರದು. ಕರಾರಿನ ಮೇಲಿನ ನಷ್ಟ ₹10 ಲಕ್ಷ ದಾಟಿದ ದಿನವೇ ಎಲ್ಲರಿಗೂ ತಿಳಿಸಬೇಕು. 75% ಎಂಬ ಮೇಲ್ಮಿತಿ ಅಣ್ಣ-ತಮ್ಮರ ಭಯಕ್ಕೂ ತಂಗಿಯ ಆಸೆಗೂ ನಡುವಿನ ರಾಜಿ. ಇದರ ಹಿಂದೆ ಶಾಸ್ತ್ರವೇನಿಲ್ಲ, ಮೊದಲೇ ಬರೆದಿಟ್ಟರು ಎಂಬುದೇ ಅದರ ಬಲ. ಅವ್ವ ನಿರ್ದೇಶಕ ಸ್ಥಾನ ಬಿಟ್ಟರು, ಅಲ್ಲಿಗೆ ಹೊರಗಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಂದರು. ದಲಾಲಿ ಮತ್ತು ಬಾಡಿಗೆಯ ದರ ಯಾರ್ಡಿನ ಬೇರೆಯವರ ದರಕ್ಕೆ ತಾಳೆಯಾಗುತ್ತದೆಯೇ ಎಂದು ವರ್ಷಕ್ಕೊಮ್ಮೆ ಅವರೇ ನೋಡಬೇಕು.

ಆಮೇಲಿನ ವರ್ಷಗಳಲ್ಲಿ ನಿಯಮಗಳೂ ಬದಲಾಗಿವೆ. 2020ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ 1 ಕೋಟಿ ಡಾಲರಿನ ತನಕ ಆಧಾರದ ದಾಖಲೆ ತೋರಿಸಬೇಕಿಲ್ಲ. ದಾಖಲೆ ಕೇಳುವುದಿಲ್ಲವಾದರೂ ನಿಜವಾದ ವ್ಯವಹಾರ ಹಿಂದೆ ಇರಲೇಬೇಕು ಎಂದು 2024ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿತು. ಈ ಗಾತ್ರದ ಕಂಪನಿಗಳೆಲ್ಲ ಆ ಮಿತಿಯೊಳಗೇ ಬರುತ್ತವೆ. ಬ್ಯಾಂಕು ಕೇಳುವುದು ಕಡಿಮೆಯಾದಷ್ಟೂ ಆ ವಾರದ ಹಾಳೆಯ ಕೆಲಸ ಹೆಚ್ಚಿದೆ.

ಅವ್ವನ 13%

ಕೊನೆಗೆ ಉಳಿದದ್ದು ಷೇರಿನ ಪ್ರಶ್ನೆ. ಲೆಕ್ಕ ಮಾಡಿದ್ದು ತಂಗಿಯೇ. ಅವ್ವನ ಕಾಲಾನಂತರ ಅವರ 13% ಮೂರು ಮಕ್ಕಳಿಗೆ ಸಮನಾಗಿ ಹೋದರೆ ಅಣ್ಣ-ತಮ್ಮರದು ತಲಾ 41.33%, ತಂಗಿಯದು 17.33%. ಪಾಲು ಹೆಚ್ಚಿತು, ಬಲ ಕುಗ್ಗಿತು: ಅಣ್ಣ-ತಮ್ಮ ಸೇರಿದರೆ 82.67%, ಮುಕ್ಕಾಲು ಪಾಲನ್ನು ದಾಟುತ್ತದೆ. ಇವತ್ತು ಬೋರ್ಡು ಒಪ್ಪಿದ ನೀತಿಯನ್ನು, ಆರ್ಟಿಕಲ್ಸನ್ನೂ, ಅವರು ಅಂದು ತಂಗಿಯನ್ನು ಕೇಳದೆ ಬದಲಿಸಬಹುದು. ಅವ್ವ ಮೃತ್ಯುಪತ್ರ ಬರೆದು ಯಾರಿಗಾದರೂ ಒಬ್ಬರಿಗೆ ಕೊಟ್ಟರಂತೂ ಇಡೀ ತಕ್ಕಡಿ ವಾಲುತ್ತದೆ. ಅವ್ವನ ಮೇಲೆ ಆ ಒತ್ತಡ ಬರುವುದು ಮೂವರಿಗೂ ಬೇಡವಾಗಿತ್ತು.

ಕಂಪನಿ ಕಾಯ್ದೆಯ 5ನೇ ಕಲಮಿನಲ್ಲಿ ಇದಕ್ಕೆ ದಾರಿ ಇದೆ. ಆರ್ಟಿಕಲ್ಸಿನ ಕೆಲವು ವಿಧಿಗಳನ್ನು ಬದಲಿಸಲು ವಿಶೇಷ ನಿರ್ಣಯಕ್ಕಿಂತಲೂ ಬಿಗಿಯಾದ ಷರತ್ತು ಇಡಬಹುದು. ನಡೆಯುತ್ತಿರುವ ಪ್ರೈವೇಟ್ ಕಂಪನಿಯಲ್ಲಿ ಹಾಗೆ ಮಾಡಲು ಎಲ್ಲ ಸದಸ್ಯರೂ ಒಪ್ಪಬೇಕು, ರಿಜಿಸ್ಟ್ರಾರರಿಗೆ ತಿಳಿಸಬೇಕು. ನಾಲ್ವರೂ ಒಪ್ಪಿದರು. ಹೆಡ್ಜಿನ ಮೇಲ್ಮಿತಿ, ವಾರದ ಹಾಳೆಯನ್ನು ಕೇಳುವ ಹಕ್ಕು, ಮನೆಯವರ ಬೇರೆ ವ್ಯವಹಾರಗಳಿಗೆ ಕೊಡುವ ದರ, ಹೊರಗಿನ ನಿರ್ದೇಶಕರ ಸ್ಥಾನ, ಈ ನಾಲ್ಕನ್ನು ಮೂರೂ ಮಕ್ಕಳ ಕವಲುಗಳ ಲಿಖಿತ ಒಪ್ಪಿಗೆ ಇಲ್ಲದೆ ತಿದ್ದಲಾಗದು ಎಂಬ ವಿಧಿ ಆರ್ಟಿಕಲ್ಸಿಗೆ ಸೇರಿತು. ಅಣ್ಣ ಕೇಳಿಕೊಂಡ ಒಂದು ಸಾಲೂ ಅದರಲ್ಲಿದೆ: ಮಿತಿಯೊಳಗೆ, ಇಬ್ಬರ ಸಹಿಯೊಂದಿಗೆ ಮಾಡಿದ ಫಾರ್ವರ್ಡಿನಿಂದ ಸಿಗದೇ ಹೋದ ಲಾಭವನ್ನು ಯಾರೂ ಯಾರ ಮೇಲೂ ನಷ್ಟವೆಂದು ಎತ್ತುವಂತಿಲ್ಲ.